ಮೂರು ತಿಂಗಳ ಸೂಜಿ

ಗೋಕಾಕದ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ತುಪ್ಪದಲ್ಲಿ ಅಂಟು ಅರಳುವ ವಾಸನೆ ಬರುತ್ತದೆ. ಕರದಂಟು ಮಾಡುವ ಅಂಗಡಿಗಳ ಮುಂದೆ ಪರ ಊರಿನವರು ಮೂಗು ಅರಳಿಸಿಕೊಂಡು ನಿಲ್ಲುತ್ತಾರೆ. ನನಗೆ ಆ ವಾಸನೆ ಆಗಿಬರುವುದಿಲ್ಲ. ಕಳೆದ ತಿಂಗಳು ಕಲ್ಲೋಳಿಯಲ್ಲಿ ನಾನು ಕಲಿಸುವ ಸಾಲೆಯ ವಿಜ್ಞಾನದ ಟೀಚರ್ ಹಡೆದರೆಂದು ಎಲ್ಲರೂ ಸೇರಿ ಕರದಂಟು ಒಯ್ಯುವುದೆಂದಾಯಿತು. ತರುವ ಕೆಲಸ ನನಗೆ ಬಿತ್ತು. ಕಲ್ಲೋಳಿಯಿಂದ ಬಸ್ಸು ಹತ್ತಿ ಹೋದೆ. ಅಂಗಡಿಯವ, "ಬಾಣಂತಿಗೇನ್ರಿ ಅಕ್ಕಾರ? ಹಂಗಾರ ಉತ್ತತ್ತಿ ಜಾಸ್ತಿ ಇರೋದು ಕೊಡ್ತೇನಿ" ಎಂದ. ಅವನು ತೂಗಿ ಕಟ್ಟುವವರೆಗೆ ಸೆರಗು ಮೂಗಿಗೆ ಹಿಡಿದು ರಸ್ತೆಗೆ ಬಂದು ನಿಂತೆ.

ಏಳು ವರ್ಷದ ಹಿಂದೆ, ನನ್ನ ಹೊಟ್ಟೆಯಲ್ಲಿ ಇಲ್ಲದ ಕೂಸಿಗಾಗಿ, ನಮ್ಮತ್ತೆ ಒಂದು ದೊಡ್ಡ ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿದ್ದರು. ದಿನಕ್ಕೊಂದರಂತೆ ನಾನು ಅವನ್ನು ತಿಂದೆ. ಕೂಸಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಗಂಡನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಅತ್ತೆ ಒಬ್ಬರೇ.

ನನ್ನ ತವರು ಕಲ್ಲೋಳಿ, ಅಪ್ಪನದು ಅಲ್ಲಿ ಸಣ್ಣ ಕಿರಾಣಿ ಅಂಗಡಿ. ಕೊಟ್ಟ ಮನೆ ಬೆಲ್ಲದ ಬಾಗೇವಾಡಿ. ನಾಲ್ಕೆಕರೆ ಕಬ್ಬು, ಬಸ್ ನಿಲ್ದಾಣದ ಹತ್ತಿರ ಗಂಡನ ಗೊಬ್ಬರದ ಅಂಗಡಿ. ಮನೆಯಲ್ಲಿ ಅತ್ತೆ, ಗಂಡ ಸನ್ಮತಿ, ನಾನು, ಒಂದೂವರೆ ವರ್ಷದ ಮಗಳು ಶ್ರಾವಣಿ. ಮಾವ ಮೊದಲೇ ತೀರಿಕೊಂಡಿದ್ದರು. ಸನ್ಮತಿಯನ್ನು ಬರೆಯುವಾಗ 'ಅವನು' ಎನ್ನುತ್ತಿದ್ದೇನೆ. ಎದುರಿಗೆ ಇವತ್ತಿಗೂ 'ರೀ' ಎಂದೇ ಕರೆಯುತ್ತೇನೆ. ಬರೆಯುವಾಗಲಾದರೂ ಇಷ್ಟು ಸ್ವಾತಂತ್ರ್ಯ ಇರಲಿ.

ಆ ವರ್ಷ ನಾನು ಗೋಕಾಕದಲ್ಲಿ ಬಿ.ಎಡ್. ಎರಡನೇ ವರ್ಷದಲ್ಲಿದ್ದೆ. ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹೋಗಿ ಬರುವುದು. ಕೂಸನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಅವರ ಮಂಡಿ ಆಗಲೇ ಸೋತಿತ್ತು, ಆದರೂ ಒಂದು ದಿನ ಗೊಣಗಿದವರಲ್ಲ. ಒಂದೇ ಒಂದು ಮಾತನ್ನು ಮಾತ್ರ ವಾರಕ್ಕೆರಡು ಸಲ ಹೇಳುತ್ತಿದ್ದರು. "ಇನ್ನೊಂದು ಜಲ್ದಿ ಆಗಲೆವಾ. ನನ್ನ ಕಾಲ ಇರೂತನಕ ಎತ್ತಿ ಆಡಿಸ್ತೇನಿ. ಕಾಲೇಜ ಎಲ್ಲಿ ಓಡಿಹೊಕ್ಕೈತಿ? ಮುಂದ ಯಾವಾಗರ ಮಾಡ." ಯಾವಾಗಾದರೂ ಮಾಡು ಎಂದರೆ ಎಂದೂ ಮಾಡಬೇಡ ಎಂದರ್ಥವೆಂದು ತಿಳಿಯುವಷ್ಟು ಹೆಣ್ಣುಮಕ್ಕಳನ್ನು ನಾನು ನೋಡಿದ್ದೆ. ಇನ್ನೊಂದು ಬಸಿರು ನಿಂತರೆ ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು. ಸನ್ಮತಿಗೂ ಅದನ್ನು ಹೇಳಿದ್ದೆ. ಅವನು ಒಪ್ಪಿದ್ದ. ಒಪ್ಪುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ನಮ್ಮದು ಜೈನರ ಮನೆ, ಹಾವು ಸಾಯುವ ಮಾತೇ ಇಲ್ಲ. ಕೋಲೊಂದು ಮುರಿಯದಿದ್ದರೆ ಸಾಕು ಎಂದು ಬದುಕುವ ಮನುಷ್ಯ.

ಮೊದಮೊದಲು ಅವನ ಉಪಾಯ ಒಂದೇ. "ನಾ ಹುಷಾರಿ ಇರ್ತೇನಿ, ನೀ ಚಿಂತಿ ಮಾಡಬ್ಯಾಡ." ಅವನ ಹುಷಾರಿಯನ್ನು ನಂಬಿ ಕೂತಾಗ ಮಾರ್ಚ್ ತಿಂಗಳಲ್ಲಿ ನನಗೆ ಒಂಬತ್ತು ದಿನ ತಡವಾಯಿತು. ಕರಿಹಲಗೆಯ ಮುಂದೆ ಪಾಠದ ಅಭ್ಯಾಸ ಮಾಡುವಾಗ ಸುಣ್ಣದ ಕಡ್ಡಿ ಕೈಯಲ್ಲಿ, ಲೆಕ್ಕ ಮನಸ್ಸಿನಲ್ಲಿ. ಹತ್ತನೇ ದಿನ ಮುಟ್ಟಾದೆ.

ನಮ್ಮ ಮನೆಯಲ್ಲಿ ಮುಟ್ಟಾದವರು ಬಾಜೂಕ ಕೂಡಬೇಕು. ಪಡಸಾಲೆಯ ಪಕ್ಕ ಅದಕ್ಕೆಂದೇ ಒಂದು ಸಣ್ಣ ಖೋಲಿ, ಬೇರೆ ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಮೂರು ದಿನ ಅಡುಗೆಮನೆ ಇಲ್ಲ, ದೇವರ ಖೋಲಿ ಇಲ್ಲ. ಆ ಮೂರು ದಿನ ಅತ್ತೆಯೇ ಒಲೆ ಮುಂದೆ ನಿಲ್ಲಬೇಕಿದ್ದರಿಂದ ನನ್ನ ತಿಂಗಳು ನನಗಿಂತ ಮೊದಲು ಅವರ ಮಂಡಿಗಳಿಗೆ ನೆನಪಾಗುತ್ತಿತ್ತು. ಮಾರ್ಚಿನಲ್ಲಿ ಆ ಖೋಲಿಯಲ್ಲಿ ಕೂತು ನಾನು ಪಾರಾದೆನೆಂಬ ಸಮಾಧಾನಕ್ಕೆ ಅತ್ತುಬಿಟ್ಟೆ. ಬಾಗಿಲ ಹೊರಗೆ ರೊಟ್ಟಿ ತಂದಿಟ್ಟ ನಮ್ಮತ್ತೆ ಅದನ್ನು ಕಂಡು ತಪ್ಪು ತಿಳಿದರು. "ಅಳಬ್ಯಾಡ ನನ್ನವ್ವಾ, ಬರೂ ತಿಂಗಳ ಆಕ್ಕೈತಿ" ಎಂದರು. ಅವರ ದನಿಯಲ್ಲಿದ್ದ ಮಮತೆಗೆ ನನಗೆ ಇನ್ನಷ್ಟು ಅಳು ಬಂತು.

ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ. ನಿರೋಧ ತರುವುದೆಂದರೆ ಸನ್ಮತಿಯ ಗೊಬ್ಬರದ ಅಂಗಡಿಯ ಪಕ್ಕದಲ್ಲೇ ಔಷಧಿ ಅಂಗಡಿ, ಅದರ ಮಾಲೀಕ ಅವನ ಸಾಲೆಯ ಗೆಳೆಯ. "ಅಂವಗ ಕೇಳಿದ್ರ ಸಂಜಿ ಆಗೂದ್ರಾಗ ಊರ ತುಂಬ ಡಂಗುರ ಹೊಡೀತಾನ" ಎಂದ ಸನ್ಮತಿ. ಹುಕ್ಕೇರಿಗೆ ಕೆಲಸಕ್ಕೆ ಹೋದಾಗ ಒಂದು ಸಣ್ಣ ಪಾಕೀಟು ತಂದ. ಅದು ಮುಗಿದ ಮೇಲೆ ಅವನಿಗೆ ಹುಕ್ಕೇರಿಯಲ್ಲಿ ಕೆಲಸವೇ ಬೀಳಲಿಲ್ಲ.

ಆಮೇಲೆ ಗುಳಿಗೆ. ಕಾಲೇಜಿನ ಗೆಳತಿಯೊಬ್ಬಳು ಆಶಾ ಕಾರ್ಯಕರ್ತೆಯಿಂದ ತಂದುಕೊಟ್ಟಳು. ಗಣಿತ ಬೋಧನೆಯ ಗೈಡಿನೊಳಗೆ ಬಚ್ಚಿಟ್ಟು ದಿನಾ ಸಂಜೆ ಒಂದು ನುಂಗುತ್ತಿದ್ದೆ. ದಿನಾ ನುಂಗುವುದು ಕಷ್ಟವಲ್ಲ, ದಿನಾ ಬಚ್ಚಿಡುವುದು ಕಷ್ಟ. ಮೇ ತಿಂಗಳಲ್ಲಿ ಸಂಬಂಧಿಕರ ಮದುವೆಗೆಂದು ಮೂರು ದಿನ ಹೋದಾಗ ಗೈಡು ಮನೆಯಲ್ಲೇ ಉಳಿಯಿತು. ಮದುವೆಗೆ ಗಣಿತದ ಗೈಡು ಒಯ್ಯುವುದು ಹೇಗೆ? ತಿರುಗಿ ಬಂದ ವಾರದಲ್ಲೇ ಶ್ರಾವಣಿ ಆ ಗುಳಿಗೆಯ ಪಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಪಡಸಾಲೆಗೆ ಬಂದಳು. ಸನ್ಮತಿ ಕಸಿದುಕೊಂಡು ಅವ್ವನಿಗೆ, "ತಲಿ ನೋವಿಂದು" ಎಂದ. ಸುಳ್ಳು ಅಷ್ಟು ಸಲೀಸಾಗಿ ಬಂದಿತ್ತು. ಅವತ್ತು ನನಗೆ ಅದು ನನ್ನನ್ನು ಕಾಪಾಡುವ ಸುಳ್ಳಾಗಿ ಕಂಡು ಅವನ ಮೇಲೆ ಪ್ರೀತಿಯೇ ಉಕ್ಕಿತು.

ಕಡೆಗೆ ಆಷಾಢದಲ್ಲಿ ಯಮಕನಮರಡಿಯ ಆಸ್ಪತ್ರೆಗೆ ಹೋದೆವು. ಊರಲ್ಲೇ ಸಿಗುವುದನ್ನು ಬಿಟ್ಟು ಅಷ್ಟು ದೂರ ಯಾಕೆಂದರೆ ಅಲ್ಲಿ ನಮ್ಮ ಗುರುತಿನವರಿಲ್ಲ. ಅದು ಸನ್ಮತಿಯದೇ ಯೋಜನೆ. ಜಿಟಿಜಿಟಿ ಮಳೆ, ಹೆದ್ದಾರಿಯಲ್ಲಿ ಲಾರಿಗಳು ಮುಖಕ್ಕೆ ಕೆಸರು ಎರಚುತ್ತಿದ್ದವು. ಆಸ್ಪತ್ರೆಯಲ್ಲಿ ಶೋಭಾ ಎಂಬ ಸಿಸ್ಟರ್ ಇದ್ದರು. ಐವತ್ತರ ಹತ್ತಿರದ ಹೆಂಗಸು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ಬಾಯಿ. ಸನ್ಮತಿ ಹೊರಗೆ ನಿಂತು ಎದುರಿನ ಟಾಯರ್ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಒಳಗ ಬರ್ರಿ ಅಣ್ಣಾರ" ಎಂದು ಕೂಗಿದರು ಸಿಸ್ಟರ್. "ಸೂಜಿ ನಿಮಗ ಚುಚ್ಚಂಗಿಲ್ಲ, ಹೆದರಬ್ಯಾಡ್ರಿ."

ಒಳಗೆ ಬಂದು ಕುಳಿತ. ಸಿಸ್ಟರ್ ಮೇಜಿನ ಮೇಲೆ ಒಂದು ಸ್ಟೀಲಿನ ತಾಟಿನಲ್ಲಿ ಎಲ್ಲವನ್ನೂ ಹರವಿದರು, ಬಳೆಗಾರ ಬಳೆ ತೋರಿಸಿದ ಹಾಗೆ. "ನೋಡ್ರಿ, ಎಲ್ಲಾರ ಕಾಲಿಗೂ ಒಂದ ಅಳತಿ ಚಪ್ಪಲಿ ಇರಂಗಿಲ್ಲ. ಇದು ದಿನದ ಗುಳಿಗಿ. ನೆನಪಿಟ್ಟ ತಗೊಂಡ್ರ ಪಕ್ಕಾ. ಮರತ್ರ ಕೆಟ್ರಿ. ಇದು ವಾರದ ಗುಳಿಗಿ. ಮೊದಲ ಮೂರ ತಿಂಗಳ ವಾರಕ್ಕ ಎರಡ, ಆಮ್ಯಾಲ ಒಂದ. ಇದಕೂ ನೆನಪ ಬೇಕು. ಇದು ವಂಕಿ, ಕಾಪರ್-ಟಿ ಅಂತಾರಲ್ಲ. ಗರ್ಭದ ಚೀಲದಾಗ ಕುಂದ್ರಸ್ತೇವಿ. ಐದ ವರ್ಷದ್ದೈತಿ, ಹತ್ತ ವರ್ಷದ್ದೂ ಐತಿ. ಬ್ಯಾಡ ಅಂದಾಗ ತಗಿಸಿದ್ರ ಮತ್ತ ಬಸಿರಾಗಾಕ ತಡ ಇಲ್ಲ. ಮೊದಲ ಮೂರ್ನಾಕ ತಿಂಗಳ ಮುಟ್ಟಿನ್ಯಾಗ ನೋವು, ರಕ್ತ ಜಾಸ್ತಿ. ಇದು ನಿರೋಧ. ರೋಗಾನೂ ತಡೀತೈತಿ, ಆದ್ರ ಗಂಡಸಿನ ಮನಸ್ಸಿನ ಮ್ಯಾಲ ಐತಿ. ಮಕ್ಕಳ ಸಾಕು ಅಂದ ಮ್ಯಾಲ ಗಂಡಸರ ಆಪರೇಷನ್ ಎಲ್ಲಾದ್ರಕಿಂತ ಹಗುರು, ಹೊಲಿಗಿ ಸೈತ ಹಾಕಂಗಿಲ್ಲ." ಅಷ್ಟು ಹೇಳಿ ಸನ್ಮತಿಯನ್ನು ನೋಡಿದರು. ಅವನು ಮೊಬೈಲ್ ನೋಡಿದ.

"ದಿನ ಎಣಿಸೋದು, ಹುಷಾರಿ ಇರೋದು?" ಎಂದು ಕೇಳಿದೆ.

"ಅವು ನನ್ನ ತಾಟಿನಾಗ ಇಲ್ಲವಾ" ಎಂದರು. "ಅವನ್ನ ನಂಬಿದವ್ರು ಒಂಬತ್ತ ತಿಂಗಳಿಗೆ ಬಾಜೂ ವಾರ್ಡಿಗೆ ಬರ್ತಾರ."

ವಂಕಿ ನನಗೆ ಸರಿ ಎನಿಸಿತ್ತು. ಸನ್ಮತಿಗೆ ಬೇಡ. ಒಳಗೆ ಒಂದು ವಸ್ತು ಇದ್ದರೆ ಅವ್ವನಿಗೆ ಹೇಗಾದರೂ ತಿಳಿಯುತ್ತದೆ ಎಂಬುದು ಅವನ ಭಯ. ತಾಟಿನಲ್ಲಿ ಉಳಿದದ್ದು ಮೂರು ತಿಂಗಳ ಸೂಜಿ. "ಇದು ಬಚ್ಚಿಡೋದಿಲ್ಲ, ನೆನಪಿಡೋದಿಲ್ಲ. ಮೂರು ತಿಂಗಳಿಗೊಮ್ಮೆ ಬಂದ್ರ ಆತು" ಎಂದರು ಸಿಸ್ಟರ್. "ಬಿಟ್ಟ ಮ್ಯಾಲ ಬಸಿರಾಗಾಕ ಸ್ವಲ್ಪ ತಡಾ ಹಿಡೀತೈತಿ, ಅದು ನೆನಪಿರ್ಲಿ. ಮತ್ತ ಮುಟ್ಟು ಮೊದಲಿನಂಗ ಇರಂಗಿಲ್ಲ. ಶುರುವಿಗೆ ದಿನಗಟ್ಟಲೆ ಚೂರ ಚೂರ ಕಾಣಿಸ್ಕೋಬಹುದು. ಆಮ್ಯಾಲ ಪೂರಾ ನಿಲ್ಲಲೂಬಹುದು. ಗಾಬರಿ ಆಗಬ್ಯಾಡ್ರಿ, ರಕ್ತ ಒಳಗ ಗಂಟ ಕಟ್ಟಂಗಿಲ್ಲ."

"ಅಂದ್ರ ಮುಟ್ಟ ನಿಂತ್ರೂ ಬಸಿರಲ್ಲ. ಹೌದಿಲ್ರಿ?" ಎಂದ ಸನ್ಮತಿ. ಹೌದು, ಅವನೇ ಕೇಳಿದ್ದು. ನಾನಲ್ಲ.

"ಶಾಣ್ಯಾ ಅದೀರಿ ಅಣ್ಣಾರ. ಮನ್ಯಾಗ ಹಿರೇರದಾರೇನ? ಅವ್ರ ಕಿವಿಗೂ ಒಂದ ಮಾತ ಹಾಕ್ರಿ, ಇಲ್ಲಂದ್ರ ಸುಳ್ಳ ಗದ್ದಲ ಆಕ್ಕೈತಿ."

"ನಮ್ಮವ್ವಗ ನಾ ಹೇಳ್ತೇನ್ರಿ" ಎಂದ. ಸೂಜಿ ಹಾಕಿಸಿಕೊಂಡು ಬರುವಾಗ ದಾರಿಯಲ್ಲಿ ಬಿಸಿ ಮಿರ್ಚಿ ತಿನ್ನಿಸಿದ. ಮಳೆಯಲ್ಲಿ ಬೈಕಿನ ಮೇಲೆ ಅವನ ಬೆನ್ನಿಗೆ ಒರಗಿಕೊಂಡು ಕೂತು, ಎಂಥ ಗಂಡ ಸಿಕ್ಕ ನನಗೆ ಎಂದು ಹಿಗ್ಗಿದೆ. ಈಗ ನೆನೆದರೆ ಸಿಟ್ಟು ಬರುವುದು ಆ ಹಿಗ್ಗಿನ ಮೇಲೆ.

ಸಿಸ್ಟರ್ ಹೇಳಿದ್ದು ಹೇಳಿದ ಹಾಗೇ ಆಯಿತು. ಶ್ರಾವಣದಲ್ಲಿ ಕಾಣಿಸಿಕೊಂಡದ್ದು ನಿಲ್ಲಲೇ ಇಲ್ಲ. ಮೂರು ದಿನವಲ್ಲ, ಹನ್ನೆರಡು ದಿನ ಆ ಖೋಲಿಯಲ್ಲಿ ಕೂತೆ. ನಿಜ ಹೇಳಬೇಕೆಂದರೆ ಬಿ.ಎಡ್. ಓದಿದ್ದೇ ಆ ಹನ್ನೆರಡು ದಿನ. ರೊಟ್ಟಿ ಬಡಿಯುವುದಿಲ್ಲ, ಮುಸುರೆ ಇಲ್ಲ, ಚಾಪೆಯ ಸುತ್ತ ಪುಸ್ತಕ ಹರವಿಕೊಂಡು ಶೈಕ್ಷಣಿಕ ಮನಃಶಾಸ್ತ್ರ ಇಡೀ ಮುಗಿಸಿದೆ. ಆದರೆ ಅಡುಗೆಮನೆಯಿಂದ ಅತ್ತೆ ಏಳುವಾಗ ಕೂರುವಾಗ "ಅರಿಹಂತಾ" ಎನ್ನುವುದು ಕೇಳುತ್ತಿತ್ತು. ಒಂಬತ್ತನೇ ದಿನಕ್ಕೆ ಮನಸ್ಸು ತಡೆಯದೆ ಸನ್ಮತಿಯನ್ನು ಬಾಗಿಲಿಗೆ ಕರೆದು, "ಅತ್ತಿಗೆ ಹೇಳಿಬಿಡ್ರಿ. ಅವ್ರ ಕಾಲ ನೋಡಾಕ ಆಗವಲ್ದು" ಎಂದೆ.

"ಹೇಳ್ತೇನಿ. ಸಮಯಾ ನೋಡಿ ಹೇಳ್ಬೇಕಲ್ಲ" ಎಂದ.

ಭಾದ್ರಪದ ಬಂತು, ಮುಟ್ಟು ಬರಲಿಲ್ಲ. ಪರ್ಯುಷಣ ಪರ್ವದ ಹತ್ತು ದಿನ ಅತ್ತೆ ಉಪವಾಸ. ಬೆಳಿಗ್ಗೆ ಬಸದಿಗೆ ಹೋಗಿ ಬಂದು ಒಂದೇ ಹೊತ್ತು ಬಿಸಿನೀರು ಕುಡಿಯುತ್ತಿದ್ದರು. ಅಡುಗೆಮನೆ ಪೂರ್ತಿ ನನ್ನದು. ಆಗ ನನಗೆ ಹೊಳೆಯಿತು: ಈ ಮನೆಯಲ್ಲಿ ಮುಟ್ಟು ನಿಂತರೆ ಅದು ನನ್ನೊಬ್ಬಳ ಸುದ್ದಿಯಲ್ಲ. ಖಾಲಿ ಇರುವ ಆ ಖೋಲಿಯೇ ಎಲ್ಲ ಹೇಳಿಬಿಡುತ್ತದೆ. ಸೂಜಿಗೆ ಬಚ್ಚಿಡುವುದು ಬೇಡವೆಂದು ಸಿಸ್ಟರ್, ಸನ್ಮತಿ, ನಾನು ಮೂವರೂ ನಂಬಿದ್ದೆವಲ್ಲ, ತಾಟು ತುಂಬಾ ಇದ್ದವುಗಳಲ್ಲಿ ನಮ್ಮ ಮನೆಯಲ್ಲಿ ಬಚ್ಚಿಡಲಾಗದ್ದು ಅದೊಂದೇ ಆಗಿತ್ತು.

"ಸುಳ್ಳ ಸುಳ್ಳ ಮೂರ ದಿನಾ ಬಾಜೂಕ ಕುಂದರ್ಲೇನ್ರಿ?" ಎಂದು ಸನ್ಮತಿಯನ್ನು ಕೇಳಿದೆ.

ಅವನು ಗಾಬರಿಯಾದ. "ಛೇ, ಪರ್ವದಾಗ ಅದರ ಬಗ್ಗೆ ಸುಳ್ಳ ಹೇಳಬಾರ್ದು. ಅವ್ವ ದೇವರ ಮುಂದ ಕುಂದರಾಕಿ. ಪಾಪ ಹತ್ತೈತಿ. ನಾ ಖರೇದ ಹೇಳ್ತೇನಿ, ಪಾರಣಿ ಆಗಲಿ."

ಉಪವಾಸ ಬಿಡುವ ಪಾರಣೆಯ ದಿನ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. "ನೀ ಬಾಜೂಕ ಕುಂತ ಎಷ್ಟ ದಿನಾ ಆತ?"

"ನೆನಪಿಲ್ರಿ ಅತ್ತಿ" ಎಂದೆ. ಇದು ನನ್ನ ತಪ್ಪು. ಆ ತಪ್ಪನ್ನು ನಾನು ಇವತ್ತಿಗೂ ಯಾರ ಮೇಲೂ ಹಾಕುವುದಿಲ್ಲ. ಆದರೆ ಅದನ್ನು ಹೇಳುವಾಗ ನಾನು ನೋಡಿದ್ದು ಸನ್ಮತಿಯನ್ನು. ಅವನು ಪಡಸಾಲೆಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ. ಎಲ್ಲ ಕೇಳಿಸಿತ್ತು. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ, ತಲೆ ಎತ್ತಲಿಲ್ಲ. ಅತ್ತೆ ನನ್ನ ಗದ್ದ ಹಿಡಿದು ಮುಖ ಎತ್ತಿದರು. ಹತ್ತು ದಿನ ಉಂಡಿರದ ಆ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಉಪಾಸ ಬಿಟ್ಟ ದಿನಾನ ಹೆಂಗ ಅಳಸ್ಲಿ? ದಸರಾ ಆಗಲಿ" ಎಂದ ಸನ್ಮತಿ, ಅತ್ತೆ ಆಚೆ ಹೋದ ಮೇಲೆ.

ಅತ್ತೆ ಯಾರಿಗೂ ಹೇಳಲಿಲ್ಲ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು, ದವಾಖಾನೆಗೂ ಹೋಗಬಾರದು, ದೃಷ್ಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಬಾಯಿ ಮುಚ್ಚಿಕೊಂಡರು, ಕೈ ಸುಮ್ಮನಿರಲಿಲ್ಲ. ಗೋಕಾಕದಿಂದ ಅಂಟು ತರಿಸಿ, ತುಪ್ಪದಲ್ಲಿ ಹುರಿದು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಉಂಡಿ ಕಟ್ಟಿದರು. ಬಾಣಂತಿಯಾದ ಮೇಲೆ ತಿನ್ನುವುದಲ್ಲವೇ ಎಂದರೆ, "ಓದೂ ಹುಡಿಗಿ, ನಿನಗ ಈಗಿಂದಾನ ಬೇಕು" ಎಂದರು. ನನ್ನ ಕೈಯಿಂದ ನೀರಿನ ಕೊಡ ಕಸಿದುಕೊಂಡರು. ಆ ಮಂಡಿ ಹೊತ್ತುಕೊಂಡು ತಾವೇ ಹಿತ್ತಲಿಗೆ ಹೋಗಿ ತುಂಬಿ ತಂದರು. ನಾನು ಅವರೆದುರೇ ಕೂತು ದಿನದ ಉಂಡಿ ತಿಂದು ಮುಗಿಸುತ್ತಿದ್ದೆ. ಸನ್ಮತಿ ಮಾತ್ರ ಸಂಜೆ ಬಂದವನೇ ಡಬ್ಬಿಗೆ ಕೈ ಹಾಕಿ, "ಮಸ್ತ ಆಗ್ಯಾವವ್ವಾ" ಎಂದು ಎರಡೆರಡು ತಿನ್ನುತ್ತಿದ್ದ.

ದಸರೆಗೆ ನಾಲ್ಕು ದಿನ ಮುಂಚೆ ಎರಡನೇ ಸೂಜಿಯ ದಿನ ಬಂತು. ಕಾಲೇಜಿಗೆ ಬಿಟ್ಟು ಬರುತ್ತೇನೆಂದು ಅವ್ವನಿಗೆ ಹೇಳಿ ಅವನೇ ಬೈಕ್ ತೆಗೆದ. ಅತ್ತೆ ಬಾಗಿಲಿಗೆ ಬಂದು, "ಸಾವಕಾಶ ಹೊಡಿ, ಖಡ್ಡಿನ್ಯಾಗ ಹಾಕಬ್ಯಾಡ, ಎರಡ ಜೀವದಾಕಿ" ಎಂದರು. ಎರಡು ಜೀವದಾಕಿಯನ್ನು ಸಾವಕಾಶವಾಗಿ, ಒಂದು ತಗ್ಗಿಗೂ ಹಾಕದೆ, ಮಗ ಯಮಕನಮರಡಿಗೆ ಒಯ್ದು ಸೂಜಿ ಹಾಕಿಸಿದ. ಸಿಸ್ಟರ್ "ಹಿರೇರಿಗೆ ಹೇಳೀರೇನ್ರಿ?" ಎಂದಾಗ "ಹೂಂ ರಿ" ಎಂದ. ನಾನು ಅವನ ಮುಖ ನೋಡಿದೆ. ಇವನು ಎಂದೂ ಹೇಳುವುದಿಲ್ಲ ಎಂದು ಗೊತ್ತಾಯಿತು. ಆದರೂ ನಾನೇ ಹೇಳಲಿಲ್ಲ. ಗಂಡ ಮಾತು ಕೊಟ್ಟಿದ್ದಾನೆ, ನಾನು ಮೊದಲೇ ಬಾಯಿ ಬಿಟ್ಟರೆ ಅವನು ಸಣ್ಣವನಾಗುತ್ತಾನೆ ಎಂದು ತಡೆದೆ. ಅವನನ್ನು ಸಣ್ಣವನಾಗಿ ಮಾಡಬಾರದೆಂಬ ಮರ್ಯಾದೆ ನನಗಿತ್ತು.

ದೀಪಾವಳಿ ಕಳೆದು ಕಬ್ಬು ಕಡಿಯುವ ಹೊತ್ತಿಗೆ ಅತ್ತೆಯ ಲೆಕ್ಕದಲ್ಲಿ ನನಗೆ ಮೂರು ತುಂಬಿ ನಾಲ್ಕು. "ಹೊಟ್ಟಿ ಯಾಕ ಏಳವಲ್ದು" ಎಂದು ಅವರೇ ಗೋಕಾಕದ ಒಬ್ಬ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದರು. ಬಸ್ಸಿನಲ್ಲಿ ನನ್ನ ಕೈ ಹಿಡಿದೇ ಕುಳಿತಿದ್ದರು. ಇಳಿಯುವ ಮುಂಚೆ ಹೇಳಿಬಿಡೋಣ ಎಂದು ಬಾಯಿ ತೆರೆದೆ, "ಏನವಾ, ವಾಂತಿ ಬರಾಕತ್ತೈತೇನ?" ಎಂದು ಸೆರಗು ಒಡ್ಡಿದರು. ಮುಚ್ಚಿಕೊಂಡೆ.

ಡಾಕ್ಟರಬಾಯಿ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು. ಮತ್ತೊಮ್ಮೆ ಆಡಿಸಿದರು. "ಏನೂ ಇಲ್ಲಲ್ರಿ ಇಲ್ಲಿ. ಏನರ ಗುಳಿಗಿ, ಸೂಜಿ ತಗೊಂಡೀರೇನ?" ಎಂದರು. ಅತ್ತೆ ತಲೆದಿಂಬಿನ ಹತ್ತಿರ ನಿಂತಿದ್ದರು. ಹೇಳಿದೆ. ಎರಡು ಸೂಜಿ, ಒಂದು ಆಷಾಢದಲ್ಲಿ, ಒಂದು ದಸರೆಗೆ. ಡಾಕ್ಟರಬಾಯಿ ನಕ್ಕು, "ಮತ್ತ ಮುಟ್ಟ ನಿಂತದ್ದು ಅದಕ. ಇದು ಬಸಿರಲ್ರಿ ಅಜ್ಜಿ, ಗಾಬರಿ ಬ್ಯಾಡ" ಎಂದರು. ಅತ್ತೆಗೆ ಗಾಬರಿಯಾಗಿರಲಿಲ್ಲ. ಅವರ ಮುಖದಲ್ಲಿ ಏನೂ ಉಳಿದಿರಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಬೇರೆಯವರ ಪಕ್ಕ ಕುಳಿತರು.

ಸನ್ಮತಿ ಅಂಗಡಿಯಿಂದ ಬಂದು ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ. ಅತ್ತೆ ಪಡಸಾಲೆಯ ಕಂಬ ಹಿಡಿದು ನಿಂತೇ ಕೇಳಿದರು. "ಸನ್ಮತಿ, ಈಕಿ ಮಕ್ಕಳಾಗದಂಗ ಸೂಜಿ ಹಾಕಿಸ್ಕೊಂಡಾಳಂತ. ನಿನಗ ಗೊತ್ತಿತ್ತೇನ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. "ನನಗೇನ್ ಗೊತ್ತವ್ವಾ. ಕಾಲೇಜಿಗಂತ ಹೊಕ್ಕಿದ್ಲು" ಎಂದ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾನೆ ಅನಿಸಿತು. "ರೀ, ನೀವ ಅಲ್ರಿ ಬೈಕ ಮ್ಯಾಲ..." ಎಂದೆ. ಅತ್ತೆ ಅಂಗೈ ಎತ್ತಿದರು. "ಸಾಕು. ಮಾಡಿದ್ದಲ್ದ ಅವನ ಮ್ಯಾಲ ಹಾಕಬ್ಯಾಡ." ಸನ್ಮತಿ ಟವೆಲನ್ನು ತಂತಿಯ ಮೇಲೆ ಹರವಿ, ಮೂಲೆ ಎಳೆದು ಸರಿ ಮಾಡಿ, ಹೊರಗೆ ಹೋದ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂದು ನಮ್ಮ ಕಡೆ ಕೇಳುತ್ತಾರೆ. ನನಗೆ ಹೇಳಲು ಅಪ್ಪ ಇದ್ದ. ಮರುದಿನ ಅಪ್ಪನನ್ನು ಕಲ್ಲೋಳಿಯಿಂದ ಕರೆಸಿದರು. ಪಡಸಾಲೆಯಲ್ಲಿ ಎಲ್ಲರೆದುರು, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ, ಯಮಕನಮರಡಿ, ಸಿಸ್ಟರ್, ಮಿರ್ಚಿ, ಎಲ್ಲ. ಅಪ್ಪ ಕೇಳಿದ. ನಂಬಿದ ಎಂದೂ ನನಗೆ ಗೊತ್ತು, ಅಳಿಯನನ್ನು ನೋಡಿದ ರೀತಿಯಲ್ಲೇ ತಿಳಿಯಿತು. ಆದರೆ ಅವನು ಹೇಳಿದ್ದು, "ತಪ್ಪಾತು ಅಂತ ಕಾಲ ಮುಗಿಯವಾ. ಮಾತ ಬೆಳೆಸಬ್ಯಾಡ." ಸನ್ಮತಿ ನೆಲದ ಫರಶಿ ನೋಡುತ್ತ ಕುಳಿತಿದ್ದ. ಇಬ್ಬರೂ ಸೇರಿ ಮಾಡಿದ್ದಕ್ಕೆ ನಾನೊಬ್ಬಳೇ ಬಗ್ಗಿ ಅತ್ತೆಯ ಕಾಲು ಮುಟ್ಟಿದೆ. ಅತ್ತೆ ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ, ಆಶೀರ್ವಾದವನ್ನೂ ಮಾಡಲಿಲ್ಲ.

ಮನಸ್ಸು ತಿಳಿಯಾಗುವವರೆಗೆ ತವರಲ್ಲಿರಲಿ ಎಂದು ನನ್ನನ್ನೂ ಶ್ರಾವಣಿಯನ್ನೂ ಕಳಿಸಿದರು. ಕಾಲೇಜು ಬಿಡಿಸುವ ಮಾತು ಯಾರೂ ಆಡಲಿಲ್ಲ, ಯಾಕೆಂದರೆ ನನ್ನ ಬಗ್ಗೆ ಯಾರೂ ಏನೂ ಆಡುತ್ತಿರಲಿಲ್ಲ. ಕಲ್ಲೋಳಿಯಿಂದ ಗೋಕಾಕ ಹತ್ತಿರ. ಅಂಗಡಿಯ ಹಿಂದಿನ ಖೋಲಿಯಲ್ಲಿ, ಬೆಲ್ಲದ ಪೆಂಟೆಗಳ ನಡುವೆ ಕೂತು ಓದಿದೆ. ಅಪ್ಪ ಬಾಗಿಲಿಗೆ ಬಂದು ಚಹಾ ಇಟ್ಟು ಹೋಗುತ್ತಿದ್ದ. ಮಾತಾಡಲು ಅವನಿಗೂ ಮುಖವಿರಲಿಲ್ಲ. ಪರೀಕ್ಷೆ ಬರೆದೆ. ಸಿಟ್ಟಿನಲ್ಲಿ ಓದಿದ್ದು ಎಷ್ಟು ಚೆನ್ನಾಗಿ ನೆನಪಿರುತ್ತದೆ ಎಂಬುದನ್ನು ಯಾವ ಮನಃಶಾಸ್ತ್ರದ ಪುಸ್ತಕದಲ್ಲೂ ಬರೆದಿಲ್ಲ.

ಕೊನೆಯ ಪೇಪರಿನ ದಿನ ಕಾಲೇಜಿನ ಗೇಟಿನಲ್ಲಿ ಸನ್ಮತಿ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ. ಸೊರಗಿದ್ದ. "ಬಾ, ಮನಿಗಿ ಹೋಗೂಣು. ಅವ್ವನ ಸಿಟ್ಟ ಇಳದೈತಿ" ಎಂದ.

"ಅತ್ತಿಗೆ ಖರೇ ಹೇಳೀರೇನ?"

"ಈಗ ಹೇಳಿದ್ರ ನಾ ಆಕಿಗೆ ಹೆಂಗ ಮುಖಾ ತೋರ್ಸ್ಲಿ? ಆಗಿದ್ದ ಆತು. ನೀ ತಡಕೊಳ್ಳಾಕಿ ಅದಿ." ಆಮೇಲೆ ದನಿ ತಗ್ಗಿಸಿ, "ಮುಂದಿನ ಸೂಜಿ ಬಂತಲ್ಲ? ನಾನ ಕರ್ಕೊಂಡ ಹೊಕ್ಕೇನಿ. ಈ ಸಲ ಅವ್ವಗ ಗೊತ್ತಾಗದಂಗ ಮಾಡೂಣು" ಎಂದ. ಅವನಿಗೆ ನಿಜವಾಗಿಯೂ ಅದು ಪ್ರೀತಿಯ ಮಾತು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಮನೆಗೆ ಹೋದೆ. ಶ್ರಾವಣಿ ಅಜ್ಜಿ ಬೇಕೆಂದು ದಿನಾ ಅಳುತ್ತಿದ್ದಳು, ನನಗೂ ಹೋಗಲು ಬೇರೆ ಮನೆಯಿರಲಿಲ್ಲ. ಸಂಕ್ರಾಂತಿಯ ಮುಂಚಿನ ದಿನ ಹಿತ್ತಲ ಬಿಸಿಲಿನಲ್ಲಿ ಅತ್ತೆ, ನಾನು ಶೇಂಗಾ ಸುಲಿಯುತ್ತ ಕುಳಿತಿದ್ದೆವು. ಎರಡು ತಿಂಗಳಲ್ಲಿ ಮೊದಲ ಸಲ ಅವರಾಗಿಯೇ ಮಾತಾಡಿದರು.

"ಅಂವ ಸುಳ್ಳ ಹೇಳಿದ್ದ ನನಗ ಅವತ್ತ ಗೊತ್ತಾಗಿತ್ತು. ಸಣ್ಣಾಂವ ಇದ್ದಾಗಿಂದ ಸುಳ್ಳ ಹೇಳೂ ಮುಂದ ಮುಖಾ ಒರಸ್ಕೋತಾನ."

ನನ್ನ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟೆ. "ಮತ್ತ ನನ್ನ ಕಡಿಂದ ಯಾಕ ಕಾಲ ಮುಗಿಸ್ಕೊಂಡ್ರಿ ಅತ್ತಿ?"

"ಎರಡ ತಿಂಗಳ ನನ್ನ ಹುಚ್ಚಿ ಮಾಡಿದ್ದು ಅಂವ. ಅದು ನನಗ ತಿಳೀತೈತಿ. ಆದ್ರ ಅವನ ಮ್ಯಾಲ ಸಿಟ್ಟ ಮಾಡಿ ನಾ ಯಾರ ಮನ್ಯಾಗ ಇರ್ಲಿ? ನೀ ಹೊರಗಿಂದ ಬಂದಾಕಿ. ನಿನ್ನ ಮ್ಯಾಲ ಮಾಡಿದ್ರ ನಡೀತೈತಿ." ದನಿಯಲ್ಲಿ ಕ್ರೌರ್ಯವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಸುಲಿದ ಕಾಳನ್ನು ಮೊರದಲ್ಲಿ ಕೇರಿದರು.

ಆ ಮಾತು ಸನ್ಮತಿಯ ಮಾತಿಗಿಂತ ಆಳಕ್ಕೆ ಇಳಿಯಿತು. ಅವನು ಹೆದರಿ ಸುಳ್ಳು ಹೇಳಿದ್ದ. ಇವರು ಹೆದರದೆ, ತಿಳಿದೂ ತಿಳಿದೂ, ನನ್ನನ್ನು ಬಗ್ಗಿಸಿದ್ದರು. ರಾತ್ರಿಯೆಲ್ಲ ಯೋಚಿಸಿದೆ. ಶೋಭಾ ಸಿಸ್ಟರ್ ತಾಟಿನಲ್ಲಿ ಇಟ್ಟ ಒಂದೊಂದನ್ನೂ ತೂಗಿ ತೋರಿಸಿದ್ದರು: ಇದು ಎಷ್ಟು ದಿನ, ಇದರಲ್ಲಿ ನೋವೆಷ್ಟು, ಇದರ ಭರವಸೆ ಎಷ್ಟು. ಯಾವುದಕ್ಕೆ ಮನೆಯ ಯಾರನ್ನು ನಂಬಬೇಕಾಗುತ್ತದೆ ಎಂಬುದನ್ನು ಮಾತ್ರ ನಾನು ಕೇಳಿರಲಿಲ್ಲ.

ಸಂಕ್ರಾಂತಿಯ ಮರುದಿನ ಒಬ್ಬಳೇ ಬಸ್ಸು ಹತ್ತಿದೆ. ಯಮಕನಮರಡಿಗಲ್ಲ, ನಮ್ಮೂರಿನ ದವಾಖಾನೆಗೂ ಅಲ್ಲ, ಹುಕ್ಕೇರಿಯ ದೊಡ್ಡ ಆಸ್ಪತ್ರೆಗೆ. ಎರಡನೇ ಸೂಜಿಯ ಅವಧಿ ಇನ್ನೂ ಮುಗಿದಿರಲಿಲ್ಲ. ಹತ್ತು ವರ್ಷದ ವಂಕಿ ಹಾಕಿಸಿಕೊಂಡೆ. ನೋವಾಯಿತು. ಒಂದು ತಾಸು ಬೆಂಚಿನ ಮೇಲೆ ಮಲಗಿ, ಎದ್ದು, ಮಗಳಿಗೆ ಒಂದು ಪಾವು ಸೇವು ಕಟ್ಟಿಸಿಕೊಂಡು ಮನೆಗೆ ಬಂದೆ.

ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಸನ್ಮತಿ ಬಂದು ಕುಳಿತಿದ್ದ, ಅತ್ತೆ ಬಡಿಸುತ್ತಿದ್ದರು. ನಾನು ಕೂರಲಿಲ್ಲ. ಗೋಡೆ ಹಿಡಿದು ನಿಂತುಕೊಂಡೇ ಹೇಳಿದೆ. "ಇವತ್ತ ಹುಕ್ಕೇರಿಗೆ ಹೋಗಿ ವಂಕಿ ಹಾಕಿಸ್ಕೊಂಡ ಬಂದೇನಿ. ಹತ್ತ ವರ್ಷದ್ದು. ಬೇಕನ್ನಿಸಿದಾಗ ನಾನ ಹೋಗಿ ತಗಿಸ್ತೇನಿ. ಮೊದಲ ಎರಡ ಸೂಜಿ ಹಾಕಿಸಾಕ ನನ್ನ ಕರ್ಕೊಂಡ ಹೋದಾವ್ರು ಇವ್ರು. ಇಬ್ಬರಿಗೂ ಗೊತ್ತಿದ್ದದ್ದ ಹೇಳಾಕತ್ತೇನಿ, ಆದ್ರ ಈ ಮನ್ಯಾಗ ಒಮ್ಮೆರ ಬಾಯಿಬಿಟ್ಟ ಹೇಳಬೇಕಿತ್ತು."

ಯಾರಾದರೂ ಬೈಯಲಿ, ಕೂಗಲಿ ಎಂದು ಕಾದೆ. ಸನ್ಮತಿ ಅವ್ವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು ಕುಳಿತ. ಅತ್ತೆ ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು ಮಗನ ತಾಟಿಗೆ ಹಾಕಿದರು. "ಆರ್ತೈತಿ, ಉಣ್ಣ" ಎಂದರು.

ಅವನು ಉಂಡ. ನನ್ನ ತಾಟಿಗೆ ನಾನೇ ಬಡಿಸಿಕೊಂಡೆ.